ಇಲಿಮಾನದಿಂದ ಜೀವಕೋಶದವರೆಗೆ: ಚಿಪ್ಪುಮೀನಿನ ನಂಜನ್ನು ಅಳೆದ ಇತಿಹಾಸ

ಆಹಾರದಲ್ಲಿ ನಂಜಿದೆಯೇ ಎಂದು ತಿಳಿಯುವುದು ಒಂದು ಪ್ರಶ್ನೆ. ಆ ನಂಜು ಮನುಷ್ಯನನ್ನು ಕೊಲ್ಲುವಷ್ಟು ತೀಕ್ಷ್ಣವೇ ಎಂದು ತಿಳಿಯುವುದು ಮತ್ತೊಂದು ಪ್ರಶ್ನೆ. ಮೊದಲನೆಯದಕ್ಕೆ ರಸಾಯನಶಾಸ್ತ್ರವು ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಉತ್ತರ ದೊರೆಯಬೇಕಾದರೆ ಆ ನಂಜು ಯಾವುದಾದರೊಂದು ಜೀವದ ಮೇಲೆ ತನ್ನ ಪ್ರಭಾವವನ್ನು ತೋರಬೇಕು. ಸಮುದ್ರದ ಚಿಪ್ಪುಮೀನುಗಳಲ್ಲಿ ಸೇರಿಕೊಳ್ಳುವ ನಂಜುಗಳ ತೀಕ್ಷ್ಣತೆಯನ್ನು ಅಳೆಯಲು ವಿಜ್ಞಾನಿಗಳು ಮೊದಲು ಇಡೀ ಪ್ರಾಣಿಯನ್ನೂ ಬಳಿಕ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳನ್ನೂ ಅವಲಂಬಿಸಿದರು. ಈ ಸ್ಥಿತ್ಯಂತರವನ್ನು ಸಾಮಾನ್ಯವಾಗಿ ಹಳೆಯ ವಿಧಾನ ಹೋಗಿ ಹೊಸ ವಿಧಾನ ಬಂದ ಸರಳ ಕಥೆಯಾಗಿ ಹೇಳಲಾಗುತ್ತದೆ. ಆದರೆ ದಾಖಲೆಗಳನ್ನು ಕ್ರಮವಾಗಿ ಪರಿಶೀಲಿಸಿದಾಗ ಕಾಣುವ ಚಿತ್ರ ಬೇರೆ. ಕಾನೂನಿನ ಪೀಠದಿಂದ ಇಲಿಯನ್ನು ಇಳಿಸಿದ್ದು ಜೀವಕೋಶವಲ್ಲ, ರಾಸಾಯನಿಕ ಉಪಕರಣ. ಆ ಉಪಕರಣದ ಅಂಕಿಗೆ ಅರ್ಥ ಬರಬೇಕಾದರೆ ಜೀವದ ಸಾಕ್ಷ್ಯ ಇಂದಿಗೂ ಬೇಕು. ಪ್ರಸ್ತುತ ಪ್ರಬಂಧದ ಪ್ರತಿಪಾದ್ಯ ವಿಷಯ ಇದೇ.

ಚಿಪ್ಪುಮೀನು ಎಂಬ ಮಾತು ಇಲ್ಲಿ ಎರಡು ಚಿಪ್ಪುಗಳ ಮೃದ್ವಂಗಿಗಳನ್ನು ಸೂಚಿಸುತ್ತದೆ. ಕನ್ನಡ ಕರಾವಳಿಯಲ್ಲಿ ಬಳಚು, ಮರುವಾಯಿ, ನೀಲಿಕಲ್ಲು, ಪಚ್ಚಿಲೆ ಮುಂತಾದ ಹೆಸರುಗಳಿಂದ ಪರಿಚಿತವಾಗಿರುವ ಜೀವಿಗಳು ಈ ಗುಂಪಿಗೆ ಸೇರಿದವು. ಇವು ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಸಸ್ಯಪ್ಲವಕಗಳನ್ನು ತಿನ್ನುತ್ತವೆ. ಆ ಪ್ಲವಕಗಳಲ್ಲಿ ಕೆಲವು, ವಿಶೇಷವಾಗಿ ಡೈನೋಫ್ಲಾಜೆಲ್ಲೇಟ್ ಎಂಬ ವರ್ಗದ ಕೆಲವು ಜಾತಿಗಳು, ನಂಜನ್ನು ಉತ್ಪಾದಿಸುತ್ತವೆ. ಚಿಪ್ಪುಮೀನಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಅದನ್ನು ತಿಂದ ಮನುಷ್ಯನಿಗೆ ಬಾಧೆ. ತುಟಿ, ನಾಲಿಗೆಗಳಲ್ಲಿ ಜುಮ್ಮೆನ್ನುವಿಕೆಯಿಂದ ಆರಂಭವಾಗಿ ಕೈಕಾಲುಗಳು ಸೋತು, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುವ ಬಗೆಯನ್ನು ಲಕ್ವಕಾರಿ ಚಿಪ್ಪುಮೀನು ನಂಜು ಎಂದು ಕರೆಯಲಾಗಿದೆ. ಇದಕ್ಕೆ ಪ್ರತಿವಿಷವಿಲ್ಲ. ಕೃತಕ ಉಸಿರಾಟದಿಂದ ರೋಗಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಮನೆಯ ಅಡುಗೆಯ ಬಿಸಿಗೆ ಈ ನಂಜು ಅಳಿಯುವುದಿಲ್ಲ. ಅದಕ್ಕೆ ಗುರುತಿಸಬಹುದಾದ ರುಚಿಯಾಗಲಿ ವಾಸನೆಯಾಗಲಿ ಇಲ್ಲ. ಆದಕಾರಣ ಪರೀಕ್ಷೆಯೊಂದೇ ರಕ್ಷಣೆ.

ಇಲಿಮಾನದ ಹುಟ್ಟು

ಈ ನಂಜಿನ ಬಗೆಗಿನ ಹಳೆಯ ಲಿಖಿತ ದಾಖಲೆಗಳಲ್ಲಿ ಪ್ರಸಿದ್ಧವಾದುದು ಜಾರ್ಜ್ ವ್ಯಾಂಕೂವರನ ಸಮುದ್ರಯಾನಕ್ಕೆ ಸಂಬಂಧಿಸಿದ್ದು. ಇಂದಿನ ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯನ್ನು ಸಮೀಕ್ಷಿಸುತ್ತಿದ್ದ ಆತನ ತಂಡದ ಕೆಲವರು 1793ರ ಜೂನ್ 15ರಂದು ಬೆಳಗಿನ ಊಟಕ್ಕೆ ಅಲ್ಲಿ ದೊರೆತ ನೀಲಿಕಲ್ಲುಗಳನ್ನು ತಿಂದರು. ಜಾನ್ ಕಾರ್ಟರ್ ಎಂಬ ನಾವಿಕ ಅದೇ ದಿನ ಸತ್ತನು. ಅವನ ಸಂಗಡಿಗರಲ್ಲಿ ಕೆಲವರು ಅಸ್ವಸ್ಥರಾದರು. ಕಾರ್ಟರ್ ಕೊಲ್ಲಿ, ವಿಷದ ಕೊಲ್ಲಿ ಎಂಬ ಅರ್ಥದ ಸ್ಥಳನಾಮಗಳು ಆ ಕರಾವಳಿಯ ನಕಾಶೆಯಲ್ಲಿ ಇಂದಿಗೂ ಉಳಿದಿವೆ. ಆದರೆ ಒಂದೇ ಊಟ ಒಬ್ಬನನ್ನು ಕೊಂದು ಇನ್ನೊಬ್ಬನನ್ನು ಏಕೆ ಬಿಟ್ಟಿತು, ಎಷ್ಟು ನಂಜು ಎಷ್ಟು ಅಪಾಯಕರ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಸಾಧನ ಆ ಕಾಲದಲ್ಲಿ ಇರಲಿಲ್ಲ.

ಆ ಸಾಧನವು ರೂಪುಗೊಂಡುದು 20ನೆಯ ಶತಮಾನದಲ್ಲಿ, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. 1927ರಲ್ಲಿ ಆ ನಗರದ ಸುತ್ತಮುತ್ತ ನೀಲಿಕಲ್ಲು ತಿಂದು 102 ಮಂದಿ ಅಸ್ವಸ್ಥರಾಗಿ ಆರು ಮಂದಿ ಮರಣಹೊಂದಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹೂಪರ್ ಪ್ರತಿಷ್ಠಾನದಲ್ಲಿದ್ದ ಕಾರ್ಲ್ ಮೇಯರ್ ಹಾಗೂ ಹರ್ಮನ್ ಸೋಮರ್ ಈ ದುರಂತದ ಮೂಲವನ್ನು ಹುಡುಕಲು ಹೊರಟರು. ಸುಮಾರು ಹತ್ತು ವರ್ಷಗಳ ಶೋಧದ ಬಳಿಕ, 1937ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲಿ, ಇಂದು ಅಲೆಕ್ಸಾಂಡ್ರಿಯಂ ಕ್ಯಾಟನೆಲ್ಲಾ ಎಂದು ಕರೆಯಲ್ಪಡುವ ಡೈನೋಫ್ಲಾಜೆಲ್ಲೇಟೇ ನಂಜಿನ ಮೂಲವೆಂದು ಅವರು ತೋರಿಸಿಕೊಟ್ಟರು. ಇದರೊಡನೆ ಒಂದು ಅಳತೆಗೋಲನ್ನೂ ಅವರು ರೂಪಿಸಿದರು. ನಂಜಿನ ರಾಸಾಯನಿಕ ಸ್ವರೂಪ ತಿಳಿಯದಿದ್ದ ಆ ದಿನಗಳಲ್ಲಿ ಅದನ್ನು ತೂಗಲು ಸಾಧ್ಯವಿರಲಿಲ್ಲ. ಆದುದರಿಂದ ಅದರ ಕೃತ್ಯವನ್ನೇ ಮಾನವಾಗಿ ತೆಗೆದುಕೊಳ್ಳಲಾಯಿತು. ಸುಮಾರು 20 ಗ್ರಾಂ ತೂಕದ ಬಿಳಿ ಇಲಿಯನ್ನು 15 ನಿಮಿಷಗಳಲ್ಲಿ ಕೊಲ್ಲುವ ನಂಜಿನ ಪ್ರಮಾಣವೇ ಒಂದು ಇಲಿಮಾನ. ನಂಜು ಹೆಚ್ಚಿದಂತೆ ಸಾವಿನ ಸಮಯ ಕಡಿಮೆಯಾಗುವ ಕ್ರಮವನ್ನು ಕೋಷ್ಟಕವಾಗಿ ಸಿದ್ಧಪಡಿಸಿದುದರಿಂದ, ಗಡಿಯಾರವನ್ನು ನೋಡಿ ನಂಜನ್ನು ಲೆಕ್ಕಹಾಕುವುದು ಸಾಧ್ಯವಾಯಿತು.

ವಿಧಾನ ಸರಳವಾಗಿತ್ತು. ನೂರು ಗ್ರಾಂ ಚಿಪ್ಪುಮೀನಿನ ಮಾಂಸವನ್ನು ಅರೆದು, ಅಷ್ಟೇ ಅಳತೆಯ ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸಿ, ತಿಳಿಯಾದ ರಸದ ಒಂದು ಮಿಲಿಲೀಟರನ್ನು ಇಲಿಯ ಹೊಟ್ಟೆಯ ಪೊಳ್ಳಿಗೆ ಚುಚ್ಚಿ, ಅದರ ಕೊನೆಯ ಉಸಿರಿನವರೆಗಿನ ಸಮಯವನ್ನು ಗುರುತಿಸಿಕೊಳ್ಳಬೇಕು. ದುಬಾರಿ ಉಪಕರಣ ಬೇಡ. ಇಲಿಗಳ ಗೂಡು, ಸೂಜಿ ಹಾಗೂ ಗಡಿಯಾರವಿದ್ದರೆ ಸಾಕು. ಅಮೆರಿಕದ ಅಧಿಕೃತ ವಿಶ್ಲೇಷಕರ ಸಂಘವು 1959ರಲ್ಲಿ ಇದನ್ನು ಪ್ರಮಾಣಿತ ವಿಧಾನವೆಂದು ಸ್ವೀಕರಿಸಿತು. ಅದೇ 1959ರಲ್ಲಿ ಇಂಗ್ಲೆಂಡಿನ ವಿಲಿಯಂ ರಸೆಲ್ ಹಾಗೂ ರೆಕ್ಸ್ ಬರ್ಚ್ ಎಂಬ ಇಬ್ಬರು ವಿದ್ವಾಂಸರು, ಪ್ರಾಣಿ ಪ್ರಯೋಗಗಳಿಗೆ ಬದಲಿ ಹುಡುಕಬೇಕು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕು, ಅವುಗಳ ನೋವನ್ನು ಕಡಿಮೆ ಮಾಡಬೇಕು ಎಂಬ ಮೂರು ಸೂತ್ರಗಳನ್ನು ಮಂಡಿಸಿದ ಗ್ರಂಥ ಪ್ರಕಟವಾಯಿತು. ಇಲಿ ಪರೀಕ್ಷೆಗೆ ಅಧಿಕೃತ ಮುದ್ರೆ ಬಿದ್ದ ವರ್ಷವೇ ಅದನ್ನು ಮುಂದೆ ಪ್ರಶ್ನಿಸಲಿರುವ ವಿಚಾರವೂ ಗ್ರಂಥರೂಪ ತಾಳಿದ್ದು ಕಾಕತಾಳೀಯವಾದರೂ ಗಮನಾರ್ಹವಾಗಿದೆ.

ಶುದ್ಧ ನಂಜು ಮತ್ತು ಅದರ ನೆರಳು

ಇಲಿಮಾನದ ಮುಖ್ಯ ದೋಷವೆಂದರೆ ಅದು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಇಲಿಯ ತಳಿ, ಲಿಂಗ, ತೂಕಗಳು ಬದಲಾದಂತೆ ಫಲಿತಾಂಶವೂ ಬದಲಾಗುತ್ತಿತ್ತು. ಒಂದು ಪ್ರಯೋಗಾಲಯದ ಇಲಿಮಾನವನ್ನು ಇನ್ನೊಂದರ ಇಲಿಮಾನದೊಡನೆ ಹೋಲಿಸಲು ತೂಕ ತಿಳಿದ ಶುದ್ಧ ನಂಜು ಬೇಕಿತ್ತು. ಅದನ್ನು ಒದಗಿಸಿದವರಲ್ಲಿ ಪ್ರಮುಖರು ಅಮೆರಿಕದ ಸೇನೆಯ ಫೋರ್ಟ್ ಡೆಟ್ರಿಕ್ ಸಂಶೋಧನಾ ಕೇಂದ್ರದ ಎಡ್ವರ್ಡ್ ಷಾಂಟ್ಜ್. ಅಲಾಸ್ಕಾದ ಸ್ಯಾಕ್ಸಿಡೋಮಸ್ ಎಂಬ ಚಿಪ್ಪುಮೀನಿನಿಂದ ಷಾಂಟ್ಜ್ ಮತ್ತು ಸಹೋದ್ಯೋಗಿಗಳು ಬೇರ್ಪಡಿಸಿದ ಶುದ್ಧ ನಂಜಿನ ವಿವರ 1957ರಲ್ಲಿ ಪ್ರಕಟವಾಯಿತು. ಆ ಚಿಪ್ಪುಮೀನಿನ ಹೆಸರಿನಿಂದಲೇ ನಂಜಿಗೆ ಸ್ಯಾಕ್ಸಿಟಾಕ್ಸಿನ್ ಎಂಬ ಹೆಸರು ಬಂದಿತು. ಒಂದು ಇಲಿಮಾನವೆಂದರೆ ಸುಮಾರು 0.2 ಮೈಕ್ರೊಗ್ರಾಂ ಸ್ಯಾಕ್ಸಿಟಾಕ್ಸಿನ್ ಎಂದು ಗೊತ್ತಾಯಿತು. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೊಗ್ರಾಂ, ಅಂದರೆ ಸುಮಾರು 400 ಇಲಿಮಾನ ಮೀರಿದರೆ ಆ ಚಿಪ್ಪುಮೀನು ಮಾರಾಟಕ್ಕೆ ಯೋಗ್ಯವಲ್ಲವೆಂಬ ಮಿತಿ ಬಳಕೆಗೆ ಬಂದಿತು.

ಅಳತೆಗೆ ಬೇಕಾದ ಈ ಶುದ್ಧ ನಂಜು ಸೇನಾ ಪ್ರಯೋಗಾಲಯದಲ್ಲಿ ತಯಾರಾದುದು ಆಕಸ್ಮಿಕವಲ್ಲ. 1960ರಲ್ಲಿ ಸೋವಿಯತ್ ನೆಲದ ಮೇಲೆ ಹೊಡೆದುರುಳಿಸಲ್ಪಟ್ಟ ಅಮೆರಿಕದ ಗೂಢಚಾರ ವಿಮಾನದ ಚಾಲಕ ಗ್ಯಾರಿ ಪವರ್ಸ್ ಬಳಿ, ಬೆಳ್ಳಿಯ ನಾಣ್ಯವೊಂದರಲ್ಲಿ ಅಡಗಿಸಿದ್ದ ನಂಜು ಸವರಿದ ಸೂಜಿಯಿತ್ತು. ಆ ನಂಜು ಇದೇ. ಅಧ್ಯಕ್ಷ ನಿಕ್ಸನ್ ಅವರ ಆಡಳಿತ ಇಂತಹ ನಂಜುಗಳ ಸಂಗ್ರಹವನ್ನು ನಾಶಮಾಡಲು ಆಜ್ಞಾಪಿಸಿದ ಮೇಲೂ ಸುಮಾರು 11 ಗ್ರಾಂ ಚಿಪ್ಪುಮೀನು ನಂಜನ್ನು ಗೂಢಚಾರ ಸಂಸ್ಥೆಯ ಸಂಗ್ರಹದಲ್ಲಿ ಉಳಿಸಿಕೊಳ್ಳಲಾಗಿದ್ದ ಸಂಗತಿ 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿಯ ಮುಂದೆ ಬಯಲಾಯಿತು. ಆ ಸಂಗ್ರಹ ಬಳಿಕ ವೈದ್ಯಕೀಯ ಸಂಶೋಧಕರ ಉಪಯೋಗಕ್ಕೆ ಒದಗಿತು. ಅದೇ 1975ರಲ್ಲಿ ಸ್ಯಾಕ್ಸಿಟಾಕ್ಸಿನ್ನಿನ ಅಣುರಚನೆಯೂ ಸ್ಫಟಿಕ ಅಧ್ಯಯನದಿಂದ ಖಚಿತವಾಯಿತು. 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವು ಸ್ಯಾಕ್ಸಿಟಾಕ್ಸಿನ್ನನ್ನು ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿ ಸೇರಿಸಿತು. ಹೀಗೆ, ಬಡವರ ಊಟವನ್ನು ಪರೀಕ್ಷಿಸಲು ಬೇಕಾದ ಅಳತೆಯ ಪದಾರ್ಥವೇ ಯುದ್ಧಾಸ್ತ್ರದ ನಿರ್ಬಂಧಕ್ಕೆ ಒಳಪಟ್ಟಿತು.

ಈ ನಡುವೆ ನಂಜು ಹೇಗೆ ಕೆಲಸ ಮಾಡುತ್ತದೆಂಬುದೂ ತಿಳಿದುಬಂದಿತು. ನರತಂತುವಿನಲ್ಲಿ ಸಂದೇಶ ಸಾಗುವುದು ಸೋಡಿಯಂ ಅಯಾನುಗಳು ಕೋಶದ ಒಳಗೆ ನುಗ್ಗುವುದರಿಂದ. ಅದಕ್ಕಾಗಿ ಕೋಶದ ಪೊರೆಯಲ್ಲಿ ಸೋಡಿಯಂ ನಾಳಗಳೆಂಬ ಸೂಕ್ಷ್ಮ ದ್ವಾರಗಳಿವೆ. ಸ್ಯಾಕ್ಸಿಟಾಕ್ಸಿನ್ ಹೊರಗಿನಿಂದ ಬಂದು ಆ ದ್ವಾರವನ್ನು ಬಿರಡೆಯಂತೆ ಮುಚ್ಚುತ್ತದೆ. ಸಂದೇಶ ನಿಂತು, ಸ್ನಾಯು ಸೋತು, ಉಸಿರು ನಿಲ್ಲುತ್ತದೆ. 1960ರ ದಶಕದಲ್ಲಿ ಈ ಸಂಗತಿ ಸ್ಪಷ್ಟವಾದ ಮೇಲೆ ಒಂದು ಹೊಸ ಸಾಧ್ಯತೆ ತೆರೆದುಕೊಂಡಿತು. ನಂಜಿನ ಗುರಿ ಒಂದು ಕೋಶದ ಪೊರೆಯಲ್ಲೇ ಇರುವಾಗ ಅದರ ತೀಕ್ಷ್ಣತೆಯನ್ನು ತಿಳಿಯಲು ಇಡೀ ಇಲಿಯೇ ಏಕೆ ಬೇಕು?

ಇಲಿ ಪರೀಕ್ಷೆಯ ಬಲ ಮತ್ತು ಮಿತಿ

ಇಲಿ ಪರೀಕ್ಷೆಯನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ಇತಿಹಾಸಕ್ಕೆ ನ್ಯಾಯ ಒದಗಿಸಿದಂತಾಗುವುದಿಲ್ಲ. ಅದರ ದೊಡ್ಡ ಬಲವೆಂದರೆ ಅಪರಿಚಿತ ನಂಜನ್ನೂ ಅದು ಹಿಡಿಯಬಲ್ಲದು. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ನೀಲಿಕಲ್ಲು ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ ಮೂವರು ಸತ್ತರು. ಬದುಕಿದವರಲ್ಲಿ ಕೆಲವರು ಸ್ಮರಣಶಕ್ತಿಯನ್ನು ಕಳೆದುಕೊಂಡರು. ಲಕ್ವಕಾರಿ ನಂಜಿಗೆಂದು ನಡೆಸಿದ ಪರೀಕ್ಷೆಯಲ್ಲಿ ಇಲಿಗಳು ಹಿಂಗಾಲಿನಿಂದ ಹೆಗಲನ್ನು ಕೆರೆದುಕೊಳ್ಳುವ ವಿಚಿತ್ರ ಲಕ್ಷಣವನ್ನು ತೋರಿದುದರಿಂದ ಇದು ಬೇರೆಯೇ ನಂಜೆಂದು ತಜ್ಞರಿಗೆ ಹೊಳೆಯಿತು. ಕೆಲವೇ ದಿನಗಳಲ್ಲಿ ಡೊಮೋಯಿಕ್ ಆಮ್ಲವನ್ನು ಗುರುತಿಸಲಾಯಿತು. ಸೋಡಿಯಂ ನಾಳವನ್ನು ಮಾತ್ರ ಗಮನಿಸುವ ಯಾವುದೇ ಪರೀಕ್ಷೆ ಈ ಸುಳಿವನ್ನು ಕೊಡುತ್ತಿರಲಿಲ್ಲ.

ಆದರೆ ಅದೇ ಪರೀಕ್ಷೆ ಎರಡು ದಿಕ್ಕಿನಲ್ಲಿ ತಪ್ಪು ದಾರಿಯನ್ನೂ ತೋರುತ್ತಿತ್ತು. ರಸದಲ್ಲಿರುವ ಲವಣಾಂಶವು ನಂಜಿನ ಪ್ರಭಾವವನ್ನು ಮರೆಮಾಚಿ ನಿಜವಾದ ಪ್ರಮಾಣಕ್ಕಿಂತ ಕಡಿಮೆ ಅಂಕಿಯನ್ನು ಕೊಡಬಲ್ಲದು. ನೂರು ಗ್ರಾಂ ಮಾಂಸದಲ್ಲಿ ಸುಮಾರು 40 ಮೈಕ್ರೊಗ್ರಾಮಿಗಿಂತ ಕಡಿಮೆಯಿದ್ದರೆ ಇಲಿ ಸಾಯದೆ ಉಳಿಯುವುದರಿಂದ, ಏರುತ್ತಿರುವ ನಂಜಿನ ಮುನ್ಸೂಚನೆ ತಡವಾಗಿ ದೊರೆಯುತ್ತಿತ್ತು. ಇನ್ನೊಂದು ಬದಿಯಲ್ಲಿ ಯೆಸ್ಸೊಟಾಕ್ಸಿನ್ನಿನ ಉದಾಹರಣೆಯಿದೆ. ಭೇದಿಕಾರಿ ನಂಜನ್ನು ಪತ್ತೆಹಚ್ಚಲು ಜಪಾನಿನ ತಾಕೇಶಿ ಯಾಸುಮೋಟೊ ಮತ್ತು ಸಂಗಡಿಗರು 1978ರಲ್ಲಿ ರೂಪಿಸಿದ ಇಲಿ ಪರೀಕ್ಷೆಯಲ್ಲಿ ಈ ಪದಾರ್ಥ ಹೊಟ್ಟೆಯ ಪೊಳ್ಳಿಗೆ ಚುಚ್ಚಿದಾಗ ಇಲಿಯನ್ನು ಕೊಲ್ಲುತ್ತದೆ. ಆದರೆ ಬಾಯಿಯ ಮೂಲಕ ಕೊಟ್ಟಾಗ ಅದರ ತೀಕ್ಷ್ಣತೆ ಬಹಳ ಕಡಿಮೆ. ಅದರಿಂದ ಮನುಷ್ಯರಿಗೆ ನಂಜೇರಿದ ಪ್ರಕರಣ ವರದಿಯಾಗಿಲ್ಲ. ಐರೋಪ್ಯ ಒಕ್ಕೂಟವು ಅದರ ಮಿತಿಯನ್ನು ಪ್ರತಿ ಕಿಲೋಗ್ರಾಮಿಗೆ 1 ಮಿಲಿಗ್ರಾಮಿನಿಂದ 3.75 ಮಿಲಿಗ್ರಾಮಿಗೆ ಏರಿಸಿದ್ದು 2013ರಲ್ಲಿ. ಇಲಿಯ ಸಾವನ್ನೇ ಅಂತಿಮ ತೀರ್ಪೆಂದು ಎಣಿಸಿದ ಕಡೆ ತಿನ್ನಲು ಯೋಗ್ಯವಾದ ಚಿಪ್ಪುಮೀನೂ ತಿರಸ್ಕೃತವಾಗುವ, ಬೆಳೆಗಾರನಿಗೆ ಕಾರಣವಿಲ್ಲದೆ ನಷ್ಟವಾಗುವ ಸಂಭವವಿತ್ತು.

ನಂಜೇ ಕಾಪಾಡುವ ಕೋಶ

ಜೀವಕೋಶ ಆಧಾರಿತ ಪರೀಕ್ಷೆಯ ಬೇರುಗಳು ನರವಿಜ್ಞಾನದಲ್ಲಿವೆ. ಎ ಎಂಬ ತಳಿಯ ಇಲಿಯೊಂದರಲ್ಲಿ ತಾನಾಗಿ ಮೂಡಿದ ನರಸಂಬಂಧಿ ಅರ್ಬುದದಿಂದ 1960ರ ದಶಕದ ಕೊನೆಯಲ್ಲಿ ನ್ಯೂರೋ-2ಎ ಎಂಬ ಕೋಶಸಂತತಿಯನ್ನು ಬೆಳೆಸಲಾಯಿತು. ಈ ಕೋಶಗಳು ಗಾಜಿನ ಪಾತ್ರೆಯಲ್ಲಿ ವಿಭಜನೆಗೊಳ್ಳುತ್ತ ವರ್ಷಾನುಗಟ್ಟಲೆ ಬದುಕುತ್ತವೆ. ಅವುಗಳ ಪೊರೆಯಲ್ಲಿ ಸೋಡಿಯಂ ನಾಳಗಳೂ ಇರುತ್ತವೆ. ಇಂತಹ ಅರ್ಬುದಕೋಶಗಳಲ್ಲಿ ಸೋಡಿಯಂ ಹರಿವನ್ನು ಅಳೆಯಬಹುದೆಂದು ವಿಲಿಯಂ ಕ್ಯಾಟರಾಲ್ ಮತ್ತು ಮಾರ್ಷಲ್ ನಿರೆನ್‌ಬರ್ಗ್ 1973ರಲ್ಲಿ ತೋರಿಸಿದ್ದರು.

ಈ ತಿಳಿವನ್ನು ನಂಜಿನ ಅಳತೆಗೆ ತಿರುಗಿಸಿದ ಪ್ರಬಂಧ ಪ್ರಕಟವಾದುದು 1988ರಲ್ಲಿ. ಕಜುಹಿರೊ ಕೊಗುರೆ, ಮಾರ್ಕ್ ಟ್ಯಾಂಪ್ಲಿನ್, ಉಶಿಯೊ ಸಿಮಿಡು ಹಾಗೂ ರೀಟಾ ಕೋಲ್ವೆಲ್ ಅದರ ಲೇಖಕರು. ಅವರ ಯುಕ್ತಿ ಎರಡು ಸಸ್ಯವಿಷಗಳನ್ನು ಆಧರಿಸಿತ್ತು. ಒಂದು, ಆಫ್ರಿಕದಲ್ಲಿ ಬಾಣಕ್ಕೆ ಸವರುತ್ತಿದ್ದ ವಿಷಗಳಿಂದ ದೊರೆತ ಊಬೇನ್. ಇದು ಕೋಶದೊಳಗಿನ ಸೋಡಿಯಮನ್ನು ಹೊರಹಾಕುವ ಪಂಪನ್ನು ನಿಲ್ಲಿಸುತ್ತದೆ. ಇನ್ನೊಂದು ವೆರಾಟ್ರಿಡೀನ್, ಇದು ಸೋಡಿಯಂ ನಾಳದ ಬಾಗಿಲನ್ನು ಮುಚ್ಚಗೊಡದೆ ತೆರೆದೇ ಇಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದಾಗ ಒಳಗೆ ನುಗ್ಗಿದ ಸೋಡಿಯಂ ಹೊರಬರಲಾರದೆ ಕೋಶ ಊದಿಕೊಂಡು ಸಾಯುತ್ತದೆ. ಅದೇ ಪಾತ್ರೆಯಲ್ಲಿ ಸ್ಯಾಕ್ಸಿಟಾಕ್ಸಿನ್ ಇದ್ದರೆ ಅದು ಬಾಗಿಲನ್ನು ಮುಚ್ಚುತ್ತದೆ, ಸೋಡಿಯಂ ಒಳಬರುವುದಿಲ್ಲ, ಕೋಶ ಬದುಕುತ್ತದೆ. ಇಲಿಯನ್ನು ಕೊಲ್ಲುವ ನಂಜು ಇಲ್ಲಿ ಕೋಶವನ್ನು ಕಾಯುತ್ತದೆ. ನಂಜು ಹೆಚ್ಚಿದಂತೆ ಬದುಕುಳಿದ ಕೋಶಗಳ ಸಂಖ್ಯೆಯೂ ಹೆಚ್ಚುವುದರಿಂದ, ಆ ಸಂಖ್ಯೆಯೇ ತೀಕ್ಷ್ಣತೆಯ ಅಳತೆಯಾಗುತ್ತದೆ.

ಮೊದಲಿಗೆ ಈ ಎಣಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿನಿಂದಲೇ ಮಾಡಬೇಕಿತ್ತು. ಕೆನಡಾದ ಜೋನ್ ಜೆಲೆಟ್ ಮತ್ತು ಸಂಗಡಿಗರು 1992ರಲ್ಲಿ ಬಣ್ಣದ ವಿಧಾನವನ್ನು ತಂದರು. ಅಂಟಿಕೊಂಡು ಉಳಿದ ಕೋಶಗಳಿಗೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, ಆ ಬಣ್ಣದ ದಟ್ಟಣೆಯನ್ನು ಯಂತ್ರದಿಂದ ಓದುವುದು ಇದರ ಕ್ರಮ. 96 ಕುಳಿಗಳಿರುವ ಒಂದು ತಟ್ಟೆಯಲ್ಲಿ ಹಲವು ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸುವುದು ಇದರಿಂದ ಸಾಧ್ಯವಾಯಿತು. ಅಮೆರಿಕದ ರೊನಾಲ್ಡ್ ಮ್ಯಾಂಗರ್ ಮತ್ತು ಸಂಗಡಿಗರು 1993 ಹಾಗೂ 1995ರ ಪ್ರಬಂಧಗಳಲ್ಲಿ ಎಂಟಿಟಿ ಎಂಬ ಹಳದಿ ಲವಣವನ್ನು ಬಳಸಿದರು. ಜೀವಂತ ಕೋಶ ಮಾತ್ರ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ಅವರ ವಿಧಾನದ ಇನ್ನೊಂದು ಗುಣ ಮಹತ್ವದ್ದು. ಫ್ಲೋರಿಡಾದ ಕೆಂಪುಕಡಲಿನಿಂದ ಬರುವ ಬ್ರೆವಿಟಾಕ್ಸಿನ್ ಹಾಗೂ ಉಷ್ಣವಲಯದ ಹವಳದ ದಿಬ್ಬಗಳ ಮೀನುಗಳಲ್ಲಿ ಕಾಣುವ ಸಿಗ್ವಟಾಕ್ಸಿನ್ ಸೋಡಿಯಂ ನಾಳವನ್ನು ಮುಚ್ಚುವ ಬದಲು ತೆರೆಯುತ್ತವೆ. ಅಂತಹ ನಂಜಿದ್ದಾಗ ಕೋಶಗಳ ಸಾವು ಹೆಚ್ಚುತ್ತದೆ. ಒಂದೇ ಕೋಶಸಂತತಿ ಎರಡು ವಿರುದ್ಧ ಬಗೆಯ ನಂಜುಗಳನ್ನು ಬೇರ್ಪಡಿಸಿ ಹೇಳಬಲ್ಲುದಾಯಿತು. ಇಲಿ ಪರೀಕ್ಷೆಗೆ ಸಿಕ್ಕದ ಅಲ್ಪ ಪ್ರಮಾಣವೂ ಇದಕ್ಕೆ ಸಿಕ್ಕುತ್ತಿತ್ತು.

ಭೇದಿಕಾರಿ ನಂಜಿಗೂ ಕೋಶಗಳ ಸಾಕ್ಷ್ಯ ದೊರೆಯಿತು. ಒಕಡಾಯಿಕ್ ಆಮ್ಲವು ಪ್ರೋಟೀನುಗಳಿಂದ ಫಾಸ್ಫೇಟನ್ನು ಕಳಚುವ ಕಿಣ್ವಗಳನ್ನು ತಡೆಯುತ್ತದೆಂಬ ಸಂಗತಿ 1980ರ ದಶಕದಲ್ಲಿ ತಿಳಿದುಬಂದಿತು. ಈ ತಡೆಯಿಂದ ಕೋಶದ ಒಳಚೌಕಟ್ಟು ಕುಸಿದು, ಹರಡಿಕೊಂಡಿದ್ದ ಕೋಶ ದುಂಡಗಾಗುತ್ತದೆ. ಆ ಆಕಾರದ ಬದಲಾವಣೆಯನ್ನೋ ಕೋಶದ ಸಾವನ್ನೋ ಅಳೆದು ನಂಜಿನ ತೀಕ್ಷ್ಣತೆಯನ್ನು ನಿರ್ಣಯಿಸುವ ವಿಧಾನಗಳು 1990ರ ದಶಕದಲ್ಲಿ ಪ್ರಕಟವಾದವು.

ಆದರೂ ಜೀವಕೋಶ ಪರೀಕ್ಷೆ ಇಲಿಯ ಸ್ಥಾನವನ್ನು ನೇರವಾಗಿ ಆಕ್ರಮಿಸಲಿಲ್ಲ. ಕೋಶಗಳನ್ನು ಸೋಂಕು ತಗುಲದಂತೆ ನಿರಂತರವಾಗಿ ಸಾಕಬೇಕು. ಫಲಿತಾಂಶಕ್ಕೆ ಸುಮಾರು ಒಂದು ದಿನ ಕಾಯಬೇಕು. ಪದೇ ಪದೇ ವಿಭಜನೆಗೊಂಡ ಕೋಶಗಳ ಸಂವೇದನೆ ಬದಲಾಗಬಹುದು. ಚಿಪ್ಪುಮೀನಿನ ರಸದಲ್ಲಿರುವ ಇತರ ಪದಾರ್ಥಗಳೂ ಕೋಶಕ್ಕೆ ಹಾನಿಮಾಡಬಹುದು. ನಾಳವನ್ನು ಮುಚ್ಚುವ ನಂಜು ಮತ್ತು ತೆರೆಯುವ ನಂಜು ಒಂದೇ ಮಾದರಿಯಲ್ಲಿದ್ದರೆ ಒಂದರ ಪರಿಣಾಮವನ್ನು ಇನ್ನೊಂದು ಮರೆಸಬಹುದು. ದಿನವೂ ನೂರಾರು ಮಾದರಿಗಳಿಗೆ ತೀರ್ಪು ಕೊಡಬೇಕಾದ ಸರ್ಕಾರಿ ಪ್ರಯೋಗಾಲಯಕ್ಕೆ ಇವು ಸಣ್ಣ ತೊಡಕುಗಳಲ್ಲ.

ಭಾರತದ ಕರಾವಳಿಯಲ್ಲಿ

ಈ ಇತಿಹಾಸ ದೂರದ ದೇಶಗಳದ್ದು ಮಾತ್ರವೆಂದು ಭಾವಿಸಲು ಕಾರಣವಿಲ್ಲ. 1981ರಲ್ಲಿ ತಮಿಳುನಾಡಿನ ಕರಾವಳಿಯಲ್ಲಿ ಮೆರೆಟ್ರಿಕ್ಸ್ ಕಾಸ್ಟಾ ಎಂಬ ಮರುವಾಯಿ ಜಾತಿಯ ಚಿಪ್ಪುಮೀನನ್ನು ತಿಂದ 85 ಮಂದಿ ಆಸ್ಪತ್ರೆ ಸೇರಿ ಮೂವರು ಸತ್ತರು. 1983ರಲ್ಲಿ ಮಂಗಳೂರಿನ ದಕ್ಷಿಣದ ಕುಂಬಳೆ ಅಳಿವೆಯ ಚಿಪ್ಪುಮೀನಿನಿಂದ ಲಕ್ವಕಾರಿ ನಂಜಿನ ಪ್ರಕರಣ ಸಂಭವಿಸಿತು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಹೋದ್ಯೋಗಿಗಳು ಇದರ ವರದಿಯನ್ನು 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದ ಪಶ್ಚಿಮ ಕರಾವಳಿಯಲ್ಲಿ ಈ ನಂಜಿನ ಇರವನ್ನು ವೈಜ್ಞಾನಿಕವಾಗಿ ದಾಖಲಿಸಿದ ಆ ಕಾರ್ಯ ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ಸ್ಮರಣೀಯ. ಅದೇ ಸಂಶೋಧಕರ ಬಳಗ 1980ರ ದಶಕದ ಕೊನೆಯ ವೇಳೆಗೆ ಕರ್ನಾಟಕ ಕರಾವಳಿಯ ಚಿಪ್ಪುಮೀನುಗಳಲ್ಲಿ ಭೇದಿಕಾರಿ ನಂಜಿನ ಇರವನ್ನೂ ವರದಿಮಾಡಿತು.

ಅತ್ಯಂತ ಘೋರವಾದ ಪ್ರಕರಣ 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಞ್ಞಂ ಎಂಬಲ್ಲಿ ನಡೆಯಿತು. ಅಲ್ಲಿಯ ಕಂದುಬಣ್ಣದ ನೀಲಿಕಲ್ಲನ್ನು ತಿಂದು ಏಳು ಮಂದಿ ಮರಣಹೊಂದಿದರು; ಐನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ದಾಖಲಾದರು. ಕೆನಡಾದಲ್ಲಿ ಕೋಶಗಳ ಬಣ್ಣವನ್ನು ಯಂತ್ರ ಓದಲಾರಂಭಿಸಿ ಆಗ ಐದು ವರ್ಷಗಳಾಗಿದ್ದವು. ಪರೀಕ್ಷಾವಿಧಾನವೊಂದು ಜಗತ್ತಿನಲ್ಲಿ ಇರುವುದೂ ಅದು ಅಳಿವೆಯ ದಡದಲ್ಲಿರುವ ಮನೆಯ ಊಟಕ್ಕೆ ರಕ್ಷಣೆ ಕೊಡುವುದೂ ಒಂದೇ ಅಲ್ಲವೆಂಬುದನ್ನು ಈ ಘಟನೆ ತೋರಿಸುತ್ತದೆ. ರಫ್ತಾಗುವ ಸರಕಿಗೆ ಕೊಳ್ಳುವ ದೇಶದ ನಿಯಮವೇ ಕಾವಲು. ಅಘನಾಶಿನಿಯಂತಹ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಸಂತೆಗೆ ಒಯ್ಯುವವರ, ಮನೆಗೆ ಬೇಕಾದಷ್ಟನ್ನು ಉಳಿಸಿಕೊಳ್ಳುವವರ ಬುಟ್ಟಿ ಅಂತಹ ಯಾವ ತಪಾಸಣೆಯ ಮೂಲಕವೂ ಹಾದುಹೋಗುವುದಿಲ್ಲ.

ರಾಸಾಯನಿಕ ವಿಧಾನ ಮತ್ತು ತೀಕ್ಷ್ಣತೆಯ ಅಂಕಿ

ಐರೋಪ್ಯ ಒಕ್ಕೂಟದಲ್ಲಿ ಇಲಿ ಪರೀಕ್ಷೆ ಎರಡು ಹಂತಗಳಲ್ಲಿ ಹಿಂದೆ ಸರಿಯಿತು. ಭೇದಿಕಾರಿ ಗುಂಪಿನ ನಂಜುಗಳಿಗೆ 2011ರ ಜುಲೈಯಿಂದ ದ್ರವವರ್ಣಲೇಖನ ಹಾಗೂ ದ್ರವ್ಯರಾಶಿ ರೋಹಿತಮಾಪನಗಳನ್ನು ಜೋಡಿಸಿದ ವಿಧಾನ ಆಧಾರವಿಧಾನವಾಯಿತು. ಇಲಿಯ ಬಳಕೆಗೆ 2014ರ ಕೊನೆಯವರೆಗೆ ಮಾತ್ರ ಅವಕಾಶ ನೀಡಲಾಯಿತು. ಲಕ್ವಕಾರಿ ನಂಜಿಗೆ ಕೆನಡಾದ ಜೇಮ್ಸ್ ಲಾರೆನ್ಸ್ ರೂಪಿಸಿದ, 2005ರಲ್ಲಿ ಅಧಿಕೃತವಾಗಿ ಸ್ವೀಕೃತವಾದ ದ್ರವವರ್ಣಲೇಖನ ವಿಧಾನವು 2019ರ ಜನವರಿಯಿಂದ ಅಲ್ಲಿಯ ಆಧಾರವಿಧಾನವಾಗಿದೆ. ಹೀಗೆ ಸೋಮರ್ ಮತ್ತು ಮೇಯರ್ ಆರಂಭಿಸಿದ ಪರಂಪರೆಯ ಉತ್ತರಾಧಿಕಾರ ಯಂತ್ರಕ್ಕೆ ಹೋಯಿತು.

ಆದರೆ ಯಂತ್ರ ಹೇಳುವುದು ಪ್ರಮಾಣವನ್ನು, ತೀಕ್ಷ್ಣತೆಯನ್ನಲ್ಲ. ಸ್ಯಾಕ್ಸಿಟಾಕ್ಸಿನ್ ಒಂಟಿ ನಂಜಲ್ಲ, ಒಂದು ದೊಡ್ಡ ಕುಟುಂಬ. ಅದರ ಸದಸ್ಯರಲ್ಲಿ ಕೆಲವು ಅತಿ ತೀಕ್ಷ್ಣ, ಕೆಲವು ಅದರ ನೂರನೆಯ ಒಂದು ಪಾಲಿನಷ್ಟು ದುರ್ಬಲ. ದುರ್ಬಲವಾದ ಕೆಲವು ಆಮ್ಲದಲ್ಲಿ ಕುದಿಸಿದಾಗ ತೀಕ್ಷ್ಣವಾದವುಗಳಾಗಿ ಮಾರ್ಪಡುತ್ತವೆ. ಆದುದರಿಂದ ಯಂತ್ರ ಕೊಟ್ಟ ಪ್ರತಿಯೊಂದು ಅಂಕಿಯನ್ನೂ ಆಯಾ ನಂಜಿನ ಸಮಾನತಾ ಗುಣಕದಿಂದ ಗುಣಿಸಿ ಕೂಡಿಸಬೇಕು. ಗುಣಕ ತಪ್ಪಾದರೆ ಎಷ್ಟೇ ನಿಖರವಾದ ಯಂತ್ರವೂ ತಪ್ಪು ತೀರ್ಪನ್ನೇ ಕೊಡುತ್ತದೆ. ಉದಾಹರಣೆಗೆ, ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2009ರಲ್ಲಿ ನಿಯೊಸ್ಯಾಕ್ಸಿಟಾಕ್ಸಿನ್ನಿಗೆ ಕೊಟ್ಟ ಗುಣಕ 1. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು 2016ರ ವರದಿಯಲ್ಲಿ ಅದನ್ನು 2 ಎಂದು ಬದಲಿಸಿದರು. ನಂಜು ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ. ಆದರೆ ಆ ನಂಜೇ ಪ್ರಧಾನವಾಗಿರುವ ಚಿಪ್ಪುಮೀನು ಒಂದು ಲೆಕ್ಕದಲ್ಲಿ ಊಟಕ್ಕೆ ಯೋಗ್ಯ, ಇನ್ನೊಂದು ಲೆಕ್ಕದಲ್ಲಿ ಅಯೋಗ್ಯ.

ಈ ಗುಣಕಗಳು ಬಂದುದು ಬಹುಮಟ್ಟಿಗೆ ಇಲಿಗಳಿಂದಲೇ. ಜೀವಕೋಶಗಳ ನಿಜವಾದ ಮಹತ್ವ ಇಲ್ಲಿ ವ್ಯಕ್ತವಾಗುತ್ತದೆ. ಸ್ಪೇನಿನ ಸಂಶೋಧಕರು 2011ರಲ್ಲಿ, ಸಂವರ್ಧಿಸಿದ ನರಕೋಶಗಳಲ್ಲಿ ಸೋಡಿಯಂ ಪ್ರವಾಹವನ್ನು ನೇರವಾಗಿ ಅಳೆದು ಈ ಕುಟುಂಬದ ನಂಜುಗಳ ಸಾಪೇಕ್ಷ ತೀಕ್ಷ್ಣತೆಯನ್ನು ಲೆಕ್ಕಹಾಕಿದರು. ಅನಂತರ ಮಾನವನ ಸೋಡಿಯಂ ನಾಳಗಳ ಬೇರೆ ಬೇರೆ ಬಗೆಗಳನ್ನೇ ಹೊತ್ತ ಕೋಶಗಳಲ್ಲಿಯೂ ಇಂತಹ ಅಳತೆಗಳು ನಡೆದವು. ಇಲಿಯ ನಾಳವನ್ನು ನೋಡಿ ಮನುಷ್ಯನ ಅಪಾಯವನ್ನು ಊಹಿಸುವ ಅನಿವಾರ್ಯತೆ ಇದರಿಂದ ಸ್ವಲ್ಪಮಟ್ಟಿಗೆ ಕಡಿಮೆಯಾಯಿತು. ಆದರೂ ಕೋಶಕ್ಕೆ ಹೊಟ್ಟೆಯಿಲ್ಲ, ಕರುಳಿಲ್ಲ, ಮೂತ್ರಪಿಂಡವಿಲ್ಲ. ತಿಂದ ನಂಜಿನಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ, ಎಷ್ಟು ಬೇಗ ಹೊರಹೋಗುತ್ತದೆ ಎಂಬುದನ್ನು ಅದು ಹೇಳಲಾರದು. ಆದಕಾರಣ 2016ರ ವರದಿಯು ಮನುಷ್ಯರ ಪ್ರಕರಣಗಳಿಗೂ ಬಾಯಿಯ ಮೂಲಕ ನಂಜು ಕೊಟ್ಟ ಪ್ರಾಣಿಗಳ ಮಾಹಿತಿಗೂ ಹೆಚ್ಚಿನ ಬೆಲೆ ಕೊಟ್ಟು, ಕೋಶಗಳ ಸಾಕ್ಷ್ಯವನ್ನು ಪೋಷಕವಾಗಿ ಪರಿಗಣಿಸಿತು.

ಉಪಸಂಹಾರ

ಜೀವಂತ ಚಿಪ್ಪುಮೀನುಗಳಿಗೆ ಸಂಬಂಧಿಸಿದಂತೆ ಕೋಡೆಕ್ಸ್ ಆಯೋಗ 2008ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸ್ಯಾಕ್ಸಿಟಾಕ್ಸಿನ್ ಗುಂಪಿನ ಮಿತಿಯನ್ನು ಪ್ರತಿ ಕಿಲೋಗ್ರಾಮಿಗೆ 0.8 ಮಿಲಿಗ್ರಾಂ ಎಂದು ತೂಕದಲ್ಲಿ ಹೇಳಲಾಗಿದೆ. ಬ್ರೆವಿಟಾಕ್ಸಿನ್ನಿಗೆ ಬಂದಾಗ ಅದೇ ಮಾನದಂಡವು 200 ಇಲಿಮಾನ ಅಥವಾ ಅದಕ್ಕೆ ಸಮಾನ ಎನ್ನುತ್ತದೆ. ಹಳೆಯ ಮಾನ ಇನ್ನೂ ಕಾನೂನಿನ ಭಾಷೆಯಿಂದ ಸಂಪೂರ್ಣ ಮರೆಯಾಗಿಲ್ಲ. ನ್ಯೂರೋ-2ಎ ಕೋಶಗಳೂ ಒಂದು ಇಲಿಯಿಂದಲೇ ಬಂದವು. ಆದರೆ ಆ ಒಂದು ಇಲಿಯ ಸಂತತಿ ಪಾತ್ರೆಯಲ್ಲಿ ಬೆಳೆಯುತ್ತ ಎಷ್ಟೋ ಇಲಿಗಳ ಸಾವನ್ನು ಅನಗತ್ಯವಾಗಿಸಿತು.

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದೇನೆಂದರೆ, ಇಲಿ, ಜೀವಕೋಶ ಹಾಗೂ ಯಂತ್ರ ಈ ಮೂರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತವೆ. ಇಡೀ ದೇಹಕ್ಕೆ ಏನಾಗುತ್ತದೆಂದು ಇಲಿ ಹೇಳುತ್ತದೆ. ನಂಜು ತನ್ನ ಗುರಿಯನ್ನು ಎಷ್ಟು ಬಲವಾಗಿ ಹಿಡಿಯುತ್ತದೆಂದು ಕೋಶ ಹೇಳುತ್ತದೆ. ಯಾವ ನಂಜು ಎಷ್ಟಿದೆಯೆಂದು ಯಂತ್ರ ಹೇಳುತ್ತದೆ. ಕಾನೂನಿಗೆ ಮೂರನೆಯದು ಅನುಕೂಲಕರವಾದುದರಿಂದ ಅದು ಪೀಠವೇರಿತು. ಆದರೆ ಹೊಸ ನಂಜು, ಪರಿಚಿತ ನಂಜಿನ ಹೊಸ ರೂಪ ಕಾಣಿಸಿಕೊಂಡಾಗಲೆಲ್ಲ ಅದರ ತೀಕ್ಷ್ಣತೆಯನ್ನು ಕೇಳಬೇಕಾದುದು ಜೀವವನ್ನೇ. ಪ್ರತಿ ಬಾರಿಯೂ ಇಡೀ ಪ್ರಾಣಿಯನ್ನು ಕೇಳುವ ಅಗತ್ಯವನ್ನು ತಗ್ಗಿಸಿದ್ದು ಜೀವಕೋಶ ಪರೀಕ್ಷೆಯ ಸಾಧನೆ. ಕುಂಬಳೆ ಮತ್ತು ವಿಳಿಞ್ಞಂನಂತಹ ಅಳಿವೆ, ಕಡಲತಡಿಗಳ ಜನರಿಗೆ ಈ ಜ್ಞಾನದ ಫಲ ದೊರೆಯಬೇಕಾದರೆ ಪರೀಕ್ಷೆಯು ರಫ್ತಿನ ಗೋದಾಮಿನಿಂದ ಸಂತೆಯ ಬುಟ್ಟಿಯವರೆಗೆ ಇಳಿದು ಬರಬೇಕು. ಸಾವಿರ ಮೈಲಿಗಳಾಚೆ ಅಳೆದ ಅಂಕಿ ಕಡಲತಡಿಯ ಜೀವವನ್ನು ಉಳಿಸಿದಾಗಲೇ 1927ರಲ್ಲಿ ಆರಂಭವಾದ ಆ ಶೋಧಕ್ಕೆ ಸಾರ್ಥಕ್ಯ ಒದಗುತ್ತದೆ.